ಗುಟ್ಟು ಬಿಡದ ವೈಫೈ ಕಾರ್ಡು

ಹಳೆಯ ಲ್ಯಾಪ್‌ಟಾಪೊಂದಕ್ಕೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹೊಸ ಯಜಮಾನನಾಗಿ ಬಂದ. ಬಂದವನೇ ಒಳಗಿದ್ದ ವೈಫೈ ಕಾರ್ಡನ್ನು ಕೇಳಿದ: "ನೀವು ಕೆಲಸ ಮಾಡುವ ಬಗೆ ತಿಳಿಸಿದರೆ ನಿಮ್ಮನ್ನು ನಡೆಸುವ ಡ್ರೈವರ್ ತಂತ್ರಾಂಶ ಬರೆದುಕೊಳ್ಳುತ್ತೇನೆ."

ಕಾರ್ಡು ಮೂಗು ಮುರಿಯಿತು. "ಅದು ನಮ್ಮ ಕಂಪನಿಯ ಗುಟ್ಟು. ನೀವೋ ಬರೆದ ಕೋಡನ್ನೆಲ್ಲ ಊರಿಗೇ ಹಂಚುವವರು."

ಲಿನಕ್ಸ್ ಪಕ್ಕದ ಯುಎಸ್‌ಬಿ ಕಿಂಡಿಯಲ್ಲಿ ಸಿಕ್ಕಿಸಿದ್ದ ಪುಟ್ಟ ವೈಫೈ ಡಾಂಗಲ್‌ನತ್ತ ತಿರುಗಿದ. ಕೇಳುವ ಮೊದಲೇ ಅದು ಎಲ್ಲವನ್ನೂ ಹೇಳಿಬಿಟ್ಟಿತು. ಮರುಗಳಿಗೆಯೇ ನೆಟ್ ಬಂತು.

ಕೆಲಸವಿಲ್ಲದೆ ಕೂತು ಕೂತು ಕಾರ್ಡಿಗೆ ಸಾಕಾಯಿತು. "ತಮ್ಮಾ, ಗುಟ್ಟು ಹೇಳಬಹುದೇ ಎಂದು ನಮ್ಮ ಕಂಪನಿಯ ಅಪ್ಪಣೆ ಕೇಳಿ ಬಾ," ಎಂದು ಡಾಂಗಲ್‌ಗೆ ಹೇಳಿತು.

ಡಾಂಗಲ್ ನೆಟ್ಟೆಲ್ಲ ಹುಡುಕಿ ಬಂತು. "ಅಣ್ಣಾ, ನಿಮ್ಮ ಕಂಪನಿ ಬಾಗಿಲು ಹಾಕಿ ವರ್ಷಗಳೇ ಆದವಂತೆ."

"ಹಾಗಾದರೆ ಅಪ್ಪಣೆ ಕೊಡುವವರು ಯಾರೂ ಇಲ್ಲ," ಎಂದ ಕಾರ್ಡು, ಮೊದಲಿಗಿಂತ ಬಿಗಿಯಾಗಿ ಬಾಯಿ ಮುಚ್ಚಿಕೊಂಡಿತು.