ಗಂಟೆಯಂತೆ ನುಡಿದ ನೆಲ

ಬಡಗಣ ತುದಿಯ ಹಿಮಸಮುದ್ರದಲ್ಲಿ ಒಂದು ದ್ವೀಪ. ಮರವಿಲ್ಲ, ಊರಿಲ್ಲ. ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದಿಲ್ಲ, ದಿಗಂತದ ಮೇಲೆ ಸುತ್ತುತ್ತಿರುತ್ತಾನೆ. ಮನುಷ್ಯ ಸುಮ್ಮನೆ ನಿಂತರೂ ಅವನ ನೆರಳು ಅವನ ಸುತ್ತ ತಿರುಗುತ್ತದೆ.

ಹನ್ನೆರಡು ಮಂದಿ ಅಲ್ಲಿ ಚಳಿಗಾಲ ಕಳೆಯಬೇಕಿತ್ತು. ಹಡಗಿನಲ್ಲಿ ಮರ ತಂದು ಅವರು ಕಟ್ಟಲಿದ್ದ ಮನೆಗೆ ಗಟ್ಟಿ ನೆಲ ತೋರಿಸಲು ಇಳಕಲ್ಲಿನ ಕಲ್ಲುಗಣಿಯಿಂದ ಮುರಿಗೆಪ್ಪನವರನ್ನು ಕರೆಸಿದ್ದರು. ಸುತ್ತಿಗೆಯ ಏಟಿನ ದನಿಯಿಂದಲೇ ಬಂಡೆಯ ಒಳಗನ್ನು ಹೇಳುವವರು ಅವರು. ಜೊತೆಗೆ ಶಿಷ್ಯ ಸಂಗನಬಸವ.

"ಜಾಗಾ ನೀನ ಆರಿಸು," ಎಂದರು ಗುರುಗಳು. "ಹಡಗು ನಾಳೆ ಹೋಗತೈತಿ. ಮುಂದಿನ ಬ್ಯಾಸಗಿತನಕ ಯಾರೂ ಬರೂದಿಲ್ಲ. ಮನಿ ಕುಸಿದರ ಹನ್ನೆರಡೂ ಮಂದಿ ಹ್ವಾದಂಗ."

ಸಂಗನಬಸವನಿಗೆ ದಡದ ಬಯಲು ಹಿಡಿಸಿತು. ದೋಣಿಯಿಂದ ಹತ್ತು ಹೆಜ್ಜೆ, ಗಾಳಿಗೆ ಮರೆ. ಅನುಕೂಲದ ಜಾಗ ಕಂಡರೆ ಕಿವಿಯೂ ಬೇಗ ಒಪ್ಪುತ್ತದೆ. ಗಣಿಯಲ್ಲಿ ಮಾಡುವಂತೆ ಮೂರು ಏಟು ಹಾಕಿ, ನಿಂತು ಕೇಳಿದ. ನೆಲ ಖಣ್ ಎಂದಿತು.

"ಅಖಂಡ ಕಲ್ಲು ಐತ್ರಿ ಗುರುಗಳ. ನಮ್ಮೂರ ಗುಡಿ ಗಂಟಿನೂ ಇಷ್ಟು ಚೊಲೋ ನುಡಿಯೂದಿಲ್ರಿ."

"ಮ್ಯಾಲಿನ ದಿಬ್ಬ ನೋಡಿದಿ?"

"ನೋಡಿದ್ನಿರಿ. ಕರೀ ಕಲ್ಲು, ಮೈ ಸುಲಿಯೋ ಗಾಳಿ. ಅಲ್ಲಿ ದೆವ್ವಾನೂ ಸಂಸಾರ ಮಾಡೂದಿಲ್ರಿ."

"ಹಂಗಾದ್ರ ಇಲ್ಲೇ ಒಲಿ ಹಚ್ಚು. ಅನ್ನಾ ಮಾಡು."

ಮೂರು ಕಾಲಿನ ಕಬ್ಬಿಣದ ಒಲೆ. ತೇಲಿ ಬಂದ ಕಟ್ಟಿಗೆ. ಅನ್ನ ಬೆಂದಿತು, ಉಂಡರು. ಗುರುಗಳು ಒಲೆ ಆರಿಸಗೊಡಲಿಲ್ಲ.

"ಇನ್ನೂ ಯಾಕ್ರಿ?"

"ಹನ್ನೆರಡು ಮಂದಿ ಚಳಿಗಾಲ ಪೂರ್ತಿ ಬೆಂಕಿ ಹಾಕತಾರ. ನಾವು ಒಂದಿನ ಹಾಕೂಣು."

ನೆರಳುಗಳು ಅರ್ಧ ಸುತ್ತು ತಿರುಗಿದವು. ಒಲೆ ವಾಲಿತು. ಗಂಟೆಯಂತೆ ನುಡಿದ ನೆಲದಿಂದ ಕಪ್ಪು ಕೆಸರು ಜಿನುಗಿತು. ಸಂಗನಬಸವ ಒಲೆಯ ಕಾಲು ಕೀಳಲು ಕೈ ಹಾಕಿದ. ಕೈಗೆ ಹಲಗೆ ತಾಗಿತು.

ಕೆಸರು ಬಳಿದು ನೋಡಿದ. ಬಾಗಿಲಿನ ಮೇಲಂಚು. ಬಾಗಿಲು ನೆಟ್ಟಗೆ ನಿಂತೇ ಇತ್ತು, ನೆಲದೊಳಗೆ. ಮುಚ್ಚಿತ್ತು.

"ಇದು ಯಾರ ಮನಿ ರೀ?"

"ನಮಗಿಂತ ಮೊದಲ ಬಂದವರದು. ದೋಣಿಗೆ ಹತ್ರ ಅಂತ ಇಲ್ಲೇ ಕಟ್ಟಿದರು. ಈ ಚಳಿಗೆ ಕೆಸರೂ ಹೆಪ್ಪುಗಟ್ಟಿ ಕಲ್ಲಿನ ದನಿ ಕೊಡತೈತಿ, ತಮ್ಮಾ. ಒಳಗ ಬೆಂಕಿ ಹಾಕಿದರು, ನೆಲಾ ಕರಗಿತು."

"ಬಡಿದು ನೋಡಲಿಲ್ಲೇನ್ರಿ ಅವರು?"

ಗುರುಗಳು ಹಲಗೆಯನ್ನು ತೋರಿಸಿದರು. "ಕಿವಿ ಹಚ್ಚು."

ಸಂಗನಬಸವ ಮಂಡಿಯೂರಿ ಕಿವಿಯಿಟ್ಟ. ಮೊದಲು ಏನೂ ಇಲ್ಲ. ಆಮೇಲೆ, ಬಹಳ ಕೆಳಗಿನಿಂದ, ಮೂರು ಏಟು. ಒಬ್ಬ ಮನುಷ್ಯ ನಿಂತು ಕೇಳುವಷ್ಟು ಹೊತ್ತು ಮೌನ. ಮತ್ತೆ ಮೂರು ಏಟು.

ಅವನು ಹಿಂದಕ್ಕೆ ಸರಿದು ಕೂತ.

"ಒಳಗ ಏನ್ ಮಾಡಾಕತ್ತಾರ್ರಿ, ಗುರುಗಳ?"

ಮುರಿಗೆಪ್ಪನವರು ಹಸಿ ಗೋಣಿಚೀಲದಲ್ಲಿ ಒಲೆಯನ್ನು ಹಿಡಿದೆತ್ತಿ ದಿಬ್ಬದ ಕಡೆ ಹೊರಟಿದ್ದರು. ತಿರುಗಿ ನೋಡಲಿಲ್ಲ.

"ಮರಾ ಎಲ್ಲಾ ಮ್ಯಾಲಕ ಹೊರಸು, ತಮ್ಮಾ. ಅವರಿಗಿನ್ನೂ ಕಲ್ಲು ಸಿಕ್ಕಿಲ್ಲ."