ಉಸಿರಿನ ಸರದಿ

ನಗರದ ನಡುವಿನ ಕೆರೆಯಲ್ಲಿ ಕಪ್ಪೆಗಳ ಮೇಳವೊಂದಿತ್ತು. ಅಜ್ಜಿಯರ ಕಾಲದಲ್ಲಿ ಎತ್ತಿದ ಹಾಡು ಅಲ್ಲಿ ಒಮ್ಮೆಯೂ ನಿಂತಿರಲಿಲ್ಲ. ಒಬ್ಬರು ಉಸಿರೆಳೆದುಕೊಳ್ಳುವಾಗ ಉಳಿದವರು ಹಾಡಬೇಕು, ಅದೇ ಮೇಳದ ಕಟ್ಟಳೆ.

ಒಂದು ಸಂಜೆ ಮುದಿಕಪ್ಪೆ ತುಂಗಕ್ಕನಿಗೆ ತನ್ನ ದನಿಯೊಂದೇ ಕೇಳಿಸಿತು. ಸುತ್ತ ನೋಡಿದರೆ ಎಲ್ಲರೂ ಬಾಯಿ ಮುಚ್ಚಿ, ಗಂಟಲು ಉಬ್ಬಿಸಿಕೊಂಡು ಗತ್ತಿನಿಂದ ಕೂತಿದ್ದರು. ಹಾಡು ನಿಲ್ಲಬಾರದೆಂದು ಅವಳು ಅದೇ ಧಾಟಿಯಲ್ಲೇ ಪಕ್ಕದ ಕಲ್ಲಿನ ಮೇಲಿದ್ದ ಬೋರನನ್ನು ಕೂಗಿದಳು.

"ಬೋರಾ, ಉಸಿರು ಕಟ್ಟುತ್ತಿದೆ, ಸ್ವಲ್ಪ ನೀನು ಹಾಡೋ!"

"ನಾನೀಗ ಉಸಿರು ತಗೊಳ್ತಿದ್ದೀನಿ, ಅಕ್ಕಾ."

"ಹೋದ ಮಳೆಗಾಲದಿಂದ ತಗೊಳ್ತಾನೇ ಇದ್ದೀಯಲ್ಲೋ! ಊರಿನ ಗಾಳಿಯನ್ನೆಲ್ಲ ನುಂಗ್ತೀಯೇನೋ?"

"ಇಷ್ಟು ಜನ ಇದ್ದೀವಿ. ನನ್ನೊಬ್ಬನಿಂದ ಹಾಡು ನಿಂತುಹೋಗುತ್ತಾ?"

ತುಂಗಕ್ಕ ಇನ್ನೊಬ್ಬಳತ್ತ ತಿರುಗಿದಳು. ಅವಳು ಪಕ್ಕದವನನ್ನು ತೋರಿಸಿದಳು, ಅವನು ಹಿಂದಿನವನನ್ನು. ಎದೆ ಬಿರಿಯುವವರೆಗೂ ತಡೆದು, ಕೊನೆಗೆ ತುಂಗಕ್ಕ ಉಸಿರೆಳೆದುಕೊಂಡಳು. ಕೆರೆ ಮೌನವಾಯಿತು. ಯಾರಾದರೂ ಬೆಚ್ಚಿಬೀಳುತ್ತಾರೆಂದು ಅವಳು ಕಾದಳು.

ಬೋರ ಕಣ್ಣು ಮುಚ್ಚಿ ತಲೆದೂಗಿದ. "ಕೇಳಕ್ಕಾ, ಅಜ್ಜಿಯರ ಹಾಡು ಇನ್ನೂ ಹೇಗೆ ನಡೀತಿದೆ!"

ಸುತ್ತಲಿನವರೆಲ್ಲ ಹೌದೌದೆಂದರು. ತುಂಗಕ್ಕನ ಎದೆ ತುಂಬ ಈಗ ಉಸಿರಿತ್ತು. ಹಾಡಲು ಮಾತ್ರ ಬಾಯಿ ಬರಲಿಲ್ಲ.