ಹುಣಸೆನೀರಿಗೆ ಇಳಿದ ನಾಣ್ಯ

ಸ್ಪೇನಿನ ಎರಡು ಬೆಳ್ಳಿ ನಾಣ್ಯಗಳು ಮುಳುಗಿದ ಹಡಗೊಂದರಲ್ಲಿ ಮುನ್ನೂರು ವರ್ಷ ಅಕ್ಕಪಕ್ಕ ಮಲಗಿದ್ದವು. ಯಾರೋ ಅವನ್ನು ಮೇಲೆತ್ತಿದ ಮೇಲೆ ಕೈಯಿಂದ ಕೈಗೆ ದಾಟಿ, ಕಡೆಗೆ ಕಾರವಾರದ ನಾಣ್ಯಸಂಗ್ರಾಹಕ ನಾಡಕರ್ಣಿಯವರ ಮನೆಗೆ ಅಂಚೆಯಲ್ಲಿ ಬಂದವು. ನಾಡಕರ್ಣಿ ನೋಡುವ ಮೊದಲೇ ಪೊಟ್ಟಣದ ಹರಿದ ಮೂಲೆಯಿಂದ ಹೊರಳಿ ಮೇಜಿನ ಮೇಲೆ ಬಿದ್ದವು. ಅಲ್ಲಿ ದೇವರ ಹಿತ್ತಾಳೆ ದೀಪ ತಿಕ್ಕಿ ತೊಳೆಯಲು ಕಲಸಿಟ್ಟ ಹುಣಸೆನೀರಿನ ಬಟ್ಟಲಿತ್ತು.

“ಇದೇನು ಅವತಾರ! ಮೈತುಂಬ ಕರಿ, ಅದರ ಮೇಲೆ ಹವಳದ ಹಕ್ಕಳೆ. ಇಳಿಯಿರಿ, ಈಗಲೇ ಫಳಫಳ ಹೊಳೆಸುತ್ತೇನೆ,” ಎಂದಿತು ಹುಣಸೆನೀರು.

ದೊಡ್ಡ ನಾಣ್ಯ ಅಲುಗಲಿಲ್ಲ. “ನೀವು ಹಿತ್ತಾಳೆಯ ಕಿಲುಬು ಕಂಡವರು. ಇದು ಕಿಲುಬಲ್ಲ, ನಮ್ಮ ಕಡಲು. ಇದು ಹೀಗೇ ಇರಲಿ.”

“ಅಣ್ಣನಿಗೆ ಕೊಳೆಯ ಮೇಲೂ ಮೋಹ!” ಎಂದು ನಗುತ್ತ ಚಿಕ್ಕ ನಾಣ್ಯ ಬಟ್ಟಲಿಗೆ ಧುಮುಕಿತು. ಎದ್ದು ಬಂದಾಗ ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ಕಡಲು ತಿಂದ ಬೆಳ್ಳಿಯ ಮೇಲೆ ಶಿಲುಬೆಯ ಅಚ್ಚು ಉಳಿದಿದ್ದುದು ಆ ಕರಿಯ ಪದರದಲ್ಲೇ; ಕರಿಯ ಜೊತೆಗೆ ಅದೂ ಹೋಗಿಬಿಟ್ಟಿತ್ತು.

ನಾಡಕರ್ಣಿ ಬಂದರು. ಕಪ್ಪು ನಾಣ್ಯವನ್ನು ಭೂತಗನ್ನಡಿಯಲ್ಲಿ ನೋಡಿ, ಉಸಿರು ಬಿಗಿಹಿಡಿದು, ಮಖಮಲ್ಲಿನ ಮೇಲೆ ಇರಿಸಿದರು. “ಎರಡು ಬರಬೇಕಿತ್ತಲ್ಲ! ಇನ್ನೊಂದು ದಾರಿಯಲ್ಲೇ ಬಿದ್ದುಹೋಯಿತು,” ಎಂದು ಹಣೆ ಚಚ್ಚಿಕೊಂಡರು. ಕೈಗೆ ಸಿಕ್ಕ ಹೊಳೆಯುವ ಬಿಲ್ಲೆಯನ್ನು ಅಲುಗಾಡುವ ಮೇಜಿನ ಕಾಲಡಿಗೆ ಒತ್ತಾಗಿ ಇಟ್ಟರು.

“ಅಣ್ಣಾ, ನಾನೂ ಆ ಹಡಗಿನವನೇ ಅಂತ ಹೇಳು!” ಎಂದು ಕೆಳಗಿನಿಂದ ಚಿಕ್ಕದು ಕೂಗಿಕೊಂಡಿತು.

“ಅದನ್ನು ಹೇಳುತ್ತಿದ್ದುದು ನಿನ್ನ ಮೈ, ತಮ್ಮಾ. ನೀನೇ ತೊಳೆದುಕೊಂಡೆ.”